ತೋಟದ ದಾಯಾದಿಗಳು

ಹೋದ ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಿಲ ಕಟ್ಟೆಯ ಮೇಲೆ ಒಂದು ತಟ್ಟೆ ಒಗ್ಗರಣೆ ಅವಲಕ್ಕಿ ಇತ್ತು. ಮಗಳದ್ದು. ಅರ್ಧ ತಿಂದು ನೀರು ಕುಡಿಯೋಕೆ ಅಂತ ಎದ್ದವಳು ಕೊಟ್ಟಿಗೆಯಲ್ಲಿ ಕರುವಿನ ಜೊತೆ ಮಾತಿಗೆ ನಿಂತಿದ್ದಳು. ನಾನು ಅಡುಗೆಮನೆ ಕಿಟಕಿಯಲ್ಲಿ ಚಹಾ ಹಿಡಿದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಹರ್ಕಿವಿ ಬಂತು.

ಹರ್ಕಿವಿ ಅಂದರೆ ಎಡಗಿವಿ ಹರಿದ ಒಂದು ಹೆಣ್ಣು ಮಂಗ. ಹೆಸರಿಟ್ಟಿದ್ದು ಆಯಿ, ಅಂದರೆ ನನ್ನ ಅಮ್ಮ. ನಮ್ಮ ಮನೆಮಾತಿನಲ್ಲಿ ಹೆಂಗಸರಿಗೂ 'ಅದು' ಅಂತಲೇ ಹೇಳುವುದು. ಹಾಗಾಗಿ ಆಯಿ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ "ನಿನ್ನೆ ಮಧ್ಯಾಹ್ನ ಅದು ಬಂದು ಎಲ್ಲಾ ನೋಡಿಕೊಂಡು ಹೋಯ್ತು" ಅಂದರೆ, ಮಂಗನ ಸುದ್ದಿಯೋ ಆಚೆ ಮನೆ ಸೊಸೆಯ ಸುದ್ದಿಯೋ ನನಗೆ ಇವತ್ತಿಗೂ ತಕ್ಷಣ ತಿಳಿಯುವುದಿಲ್ಲ.

ಕದಿಯುವ ಮಂಗ ಎರಡೂ ಕೈಯಲ್ಲಿ ಬಾಚಿಕೊಂಡು ಓಡುತ್ತದೆ. ಹರ್ಕಿವಿ ಅವತ್ತು ಹಾಗೆ ಮಾಡಲಿಲ್ಲ. ಸುತ್ತ ಒಮ್ಮೆ ನೋಡಿತು, ಕಾಲು ಮಡಚಿ ಕೂತಿತು. ಹೆಬ್ಬೆರಳು, ತೋರುಬೆರಳ ಮಧ್ಯೆ ಒಂದು ಶೇಂಗಾ ಹೆಕ್ಕಿ ಬಾಯಿಗೆ ಹಾಕಿತು. ಇನ್ನೊಂದು ಹೆಕ್ಕಿತು. ಕರಿಬೇವಿನ ಎಲೆಯನ್ನು ತಟ್ಟೆಯ ಅಂಚಿಗೆ ಸರಿಸಿತು. ಒಣಮೆಣಸಿನ ಚೂರನ್ನು ಎತ್ತಿ ಮೂಸಿ ಕೆಳಗೆ ಹಾಕಿತು. ಶೇಂಗಾ ಪೂರ್ತಿ ಮುಗಿದ ಮೇಲೆ ಅವಲಕ್ಕಿಗೆ ಕೈ ಹಾಕಿತು. ನನ್ನ ಮಗಳು ತಿನ್ನುವುದೂ ಇದೇ ಕ್ರಮದಲ್ಲಿ. ಮೊದಲು ಶೇಂಗಾ, ಕರಿಬೇವು ಅಂಚಿಗೆ, ಮೆಣಸು ಹೊರಗೆ. ಎಷ್ಟು ಬೈದರೂ ಬಿಟ್ಟಿಲ್ಲ.

ನಾನು ಓಡಿಸಲಿಲ್ಲ. ಸುಮ್ನೆ ನೋಡುತ್ತಾ ನಿಂತುಬಿಟ್ಟೆ. ಇದು ಗೊತ್ತಾಗಿ ಅಪ್ಪಯ್ಯ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ನಮ್ಮದು ಸಿದ್ದಾಪುರ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ. ನಡುನಡುವೆ ಬಾಳೆ, ಏಲಕ್ಕಿ, ಕಾಳುಮೆಣಸು, ಅಂಚಿನಲ್ಲಿ ಹತ್ತಾರು ತೆಂಗು. 2020ರಲ್ಲಿ ಲಾಕ್‌ಡೌನ್ ಅಂತ ಬೆಂಗಳೂರಿನಿಂದ ಬಂದವನು ಮತ್ತೆ ವಾಪಸ್ ಹೋಗಿಲ್ಲ. ಇಂಟರ್ನೆಟ್ ಇದ್ದ ದಿನ ಕಂಪ್ಯೂಟರ್ ಕೆಲಸ, ಇಲ್ಲದ ದಿನ ತೋಟದ ಕೆಲಸ. ಅಪ್ಪಯ್ಯನಿಗೆ ಈಗ 71. ಅವರು ಬುದ್ಧಿ ಬಂದಾಗಿನಿಂದ ಮಂಗಗಳ ಜೊತೆ ಜಗಳ ಆಡುತ್ತಿದ್ದಾರೆ. ಕವಣೆ ಆಯಿತು, ಗರ್ನಾಲು ಪಟಾಕಿ ಆಯಿತು, ಡಬ್ಬ ಬಡಿಯುವುದು ಆಯಿತು, ಪೈಪಿನಲ್ಲಿ ಢಂ ಅನ್ನಿಸುವ ಬಂದೂಕು ಆಯಿತು. ಒಂದು ಸಲ ಬೇಸರದಲ್ಲಿ ಅವರು ಹೇಳಿದ ಮಾತು: "ದಾಯಾದಿ ಆದರೂ ಕೋರ್ಟಿಗೆ ಹೋಗಬಹುದು ಮಾರಾಯ. ಇವರ ಮೇಲೆ ಎಲ್ಲಿ ಕೇಸು ಹಾಕೋದು?"

ಅವರು ತಮಾಷೆಗೆ ಅಂದಿದ್ದು. ನನಗೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಸಿಕ್ಕಿದ್ದೆಲ್ಲ ಓದುತ್ತಾ ಹೋದೆ. ಓದಿದಷ್ಟೂ ಅಪ್ಪಯ್ಯ ಹೇಳಿದ್ದು ಅಕ್ಷರಶಃ ನಿಜ ಅನ್ನಿಸಿತು. ಮಂಗನ ವಂಶಕ್ಕೂ ನಮ್ಮ ವಂಶಕ್ಕೂ ಹಿಸೆ ಆಗಿ ಸುಮಾರು 2.5ರಿಂದ 3 ಕೋಟಿ ವರ್ಷ. ಆದರೆ ಹಿಸೆ ಆಗುವ ಮೊದಲು ಮನೆಯಲ್ಲಿದ್ದ ಸಾಮಾನು ಇಬ್ಬರ ಹತ್ತಿರವೂ ಈಗಲೂ ಇದೆ. ಅದೇ ಕಣ್ಣು, ಅದೇ ಕೈ, ಅದೇ ಭುಜ. ಹಂದಿಯನ್ನು ಬೇಲಿ ಹಾಕಿ ತಡೆಯಬಹುದು, ಹಕ್ಕಿಯನ್ನು ಬಲೆ ಹಾಕಿ ತಡೆಯಬಹುದು. ಮಂಗನಿಗೆ ಏನು ಮಾಡಿದರೂ ಆಗುವುದಿಲ್ಲ. ನಾವು ಯಾವ ಕೈಯಿಂದ ಬೀಗ ಹಾಕುತ್ತೇವೋ ಅಂಥದೇ ಕೈಯಿಂದ ಅದು ತೆಗೆಯುತ್ತದೆ.

ಈ ಕುಟುಂಬಕ್ಕೆ ಪ್ರೈಮೇಟ್ ಅಂತ ಹೆಸರಿಟ್ಟಿದ್ದು ಸ್ವೀಡನ್ನಿನ ಲಿನೇಯಸ್. 1758ರಲ್ಲಿ ಅವನು ಮನುಷ್ಯನನ್ನೂ ಮಂಗಗಳನ್ನೂ ಒಂದೇ ಗುಂಪಿಗೆ ಹಾಕಿದ, ಅದೂ ಡಾರ್ವಿನ್ ಹುಟ್ಟುವುದಕ್ಕಿಂತ 50 ವರ್ಷ ಮೊದಲು. ಎದೆಯ ಮೇಲೆ ಎರಡು ಮೊಲೆ ಇರಬೇಕು ಅನ್ನುವುದು ಅವನ ಲೆಕ್ಕಗಳಲ್ಲಿ ಒಂದು. ಹಾಗಾಗಿ ಬಾವಲಿಯೂ ಒಳಗೆ ಬಂದುಬಿಟ್ಟಿತ್ತು! ಆಮೇಲಿನವರು ಬಾವಲಿಯನ್ನು ತೆಗೆದರು, ಉಳಿದವರು ಉಳಿದೆವು.

ಈ ನೆಂಟರಲ್ಲಿ ನಾನು ಕಾಡಲ್ಲಿ ಊರಲ್ಲಿ ಕಣ್ಣಾರೆ ಕಂಡಿದ್ದು ನಾಲ್ಕು. ದಿನಾ ಬರುವ ಮಂಗ. ತಲೆಯ ಮೇಲೆ ಬೈತಲೆ ತೆಗೆದು ಟೋಪಿ ಇಟ್ಟ ಹಾಗೆ ಕೂದಲಿರುತ್ತದೆ. ದಕ್ಷಿಣ ಭಾರತ ಬಿಟ್ಟರೆ ಇದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕರಿ ಮುಖ, ಉದ್ದ ಬಾಲದ ಮುಸುವ. ಅಘನಾಶಿನಿ ಕಣಿವೆಯ ಸಿಂಗಳೀಕ. ಮತ್ತೆ ತುಮಕೂರು ಕಡೆಯ ಕಾಡುಪಾಪ. ಗೊರಿಲ್ಲಾ, ಒರಾಂಗುಟಾನ್ ನೋಡಿದ್ದು ಮೈಸೂರು ಝೂನಲ್ಲಿ ಮಾತ್ರ. ಅವು ಬಾಲ ಇಲ್ಲದವು, ನಮಗೆ ಇನ್ನೂ ಹತ್ತಿರದವು. ಆದರೆ ಅವಕ್ಕೂ ನಮ್ಮ ತೋಟಕ್ಕೂ ಯಾವ ವ್ಯಾಜ್ಯವೂ ಇಲ್ಲ.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಮಗೆ ಆದ ನಷ್ಟಕ್ಕೆ ಲೆಕ್ಕ ಇದೆ.

ಎರಡು ವರ್ಷದ ಹಿಂದೆ ಬಾಳೆಗೊನೆ ಹಣ್ಣಿಗೆ ಬರುವ ಮೊದಲೇ ನಾನು ಒಂದು ಉಪಾಯ ಮಾಡಿದೆ. ಹಸು, ನಾಯಿಗಳ ಕಣ್ಣಿಗೆ ಹಸಿರು, ಕೆಂಪಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಅವುಗಳ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡೇ ಬಗೆ. ನಮಗೂ ಮಂಗಕ್ಕೂ ಮೂರು ಬಗೆ. ಸೊಪ್ಪಿನ ಮಧ್ಯೆ ಒಂದು ಹಣ್ಣು ಹಳದಿಗೆ ತಿರುಗಿದರೆ ಆಚೆ ಗುಡ್ಡದಿಂದಲೇ ಕಾಣುತ್ತದೆ. ಹಾಗಾದರೆ ಹಳದಿ ಕಾಣದ ಹಾಗೆ ಮಾಡಿದರಾಯ್ತು ಅಂತ ಲೆಕ್ಕ ಹಾಕಿ, ಗೊನೆಗಳಿಗೆಲ್ಲ ನೀಲಿ ಟಾರ್ಪಾಲಿನ ತುಂಡು ಸುತ್ತಿ ಕಟ್ಟಿದೆ. ಮೊದಲ ಹತ್ತು ದಿನ ಒಂದು ಗೊನೆಗೂ ಕೈ ಬೀಳಲಿಲ್ಲ. ಅಪ್ಪಯ್ಯನೇ ಬಂದು "ಪರವಾಗಿಲ್ಲವೋ" ಅಂದರು.

ಹನ್ನೊಂದನೇ ದಿನ ಗಾಳಿಗೆ ಒಂದು ಟಾರ್ಪಾಲು ಹರಿಯಿತು. ಒಳಗಿನ ಹಣ್ಣು ಕಂಡಿತು. ಅಷ್ಟೇ. ನೀಲಿ ಅಂದರೆ ಬಾಳೆಹಣ್ಣು ಅಂತ ಇಡೀ ಹಿಂಡಿಗೆ ಗೊತ್ತಾಗಿಹೋಯಿತು. ಮೂರು ದಿನದಲ್ಲಿ ಎಲ್ಲಾ ಟಾರ್ಪಾಲು ಬಿಚ್ಚಿದವು. ಹರಿಯಲಿಲ್ಲ ನೋಡಿ, ಬಿಚ್ಚಿದವು. ಗಂಟನ್ನು ಹಲ್ಲಿನಲ್ಲಿ ಸಡಿಲ ಮಾಡಿ, ಬೆರಳು ತೂರಿಸಿ ಎಳೆದು. ಆಮೇಲೆ ಅಂಗಳದಲ್ಲಿ ಸೌದೆಗೆ ಹೊದಿಸಿದ್ದ ನೀಲಿ ಟಾರ್ಪಾಲನ್ನೂ ಎತ್ತಿ ನೋಡಿದವು. ಒಳಗೆ ಬರೀ ಸೌದೆ ಕಂಡು ಒಂದು ಮರಿ ಗಂಡು ನನ್ನ ಕಡೆ ತಿರುಗಿ ನೋಡಿತು. ಆ ನೋಟ ಮರೆಯೋಕಾಗಲ್ಲ.

ಆ ಮುಖದಲ್ಲಿ ಎರಡೂ ಕಣ್ಣು ಮುಂದಕ್ಕೇ ಇವೆಯಲ್ಲ, ಅದೇ ದೊಡ್ಡ ಆಸ್ತಿ. ಮೊಲದ ಕಣ್ಣು ಪಕ್ಕಕ್ಕೆ, ದನದ ಕಣ್ಣು ಪಕ್ಕಕ್ಕೆ. ಹುಲಿ ಯಾವ ಕಡೆಯಿಂದ ಬಂದರೂ ತಿಳಿಯಲಿ ಅಂತ. ಪ್ರೈಮೇಟುಗಳಿಗೆ ಎರಡೂ ಕಣ್ಣಿನ ಚಿತ್ರ ಒಂದರ ಮೇಲೊಂದು ಕೂರುತ್ತದೆ. ಕೊಂಬೆ ಎಷ್ಟು ದೂರ ಅನ್ನುವುದು ನಿಖರವಾಗಿ ಸಿಗುತ್ತದೆ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ನೋಡಿ, ಆಗ ಇದರ ಬೆಲೆ ಗೊತ್ತಾಗುತ್ತದೆ.

ಭುಜದ ಬಗ್ಗೆ ಓದುವಾಗ ನನಗೆ ನೆನಪಾಗಿದ್ದು ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡ. ಅಡಿಕೆ ಕೊನೆ ಕೊಯ್ಯುವವರಿಗೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಿದರೆ ಆ ಸಾಲು ಮುಗಿಯುವವರೆಗೆ ಕೆಳಗೆ ಇಳಿಯುತ್ತಿರಲಿಲ್ಲ. ಹತ್ತಿದ ಮರವನ್ನೇ ತೂಗಿಸಿ, ಬಾಗಿಸಿ, ಪಕ್ಕದ ಮರದ ಕುತ್ತಿಗೆಗೆ ಕೈ ಹಾಕುವುದು. ಒಂದು ಕ್ಷಣ ಎರಡೂ ಮರದ ಮಧ್ಯೆ ಎರಡು ಕೈಯಲ್ಲಿ ನೇತಾಡುವುದು. ಆಮೇಲೆ ಕಾಲು ಆಚೆಗೆ. ಚಿಕ್ಕವನಿದ್ದಾಗ ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಹಸುವಿಗೆ ಹೀಗೆ ಕೈ ಚಾಚೋಕೆ ಆಗಲ್ಲ, ಅದಕ್ಕೆ ಕೊರಳ ಕೆಳಗಿನ ಅಡ್ಡಮೂಳೆಯೇ ಇಲ್ಲ. ನಾಯಿಗೆ ಇದ್ದರೂ ಹೆಸರಿಗೆ ಮಾತ್ರ. ಪ್ರೈಮೇಟುಗಳಿಗೆ ಆ ಮೂಳೆ ಗಟ್ಟಿಯಾಗಿದೆ. ಅದು ಭುಜವನ್ನು ಪಕ್ಕಕ್ಕೆ ಹಿಡಿದು ನಿಲ್ಲಿಸುತ್ತದೆ. ಕೈ ಮೇಲೆ, ಪಕ್ಕಕ್ಕೆ, ಹಿಂದಕ್ಕೆ ಎಲ್ಲಾ ಕಡೆ ಹೋಗುತ್ತದೆ.

ಆ ಕೊನೆಗೌಡನ ಅಂಗೈ ಮುಟ್ಟಿದರೆ ಮರದ ತೊಗಟೆ ಮುಟ್ಟಿದ ಹಾಗೆ ಇರುತ್ತಿತ್ತು. ಅಂಗೈ ಗೆರೆ, ಬೆರಳ ಗುರುತು ಸವೆದುಹೋಗಿತ್ತು. ಆಧಾರ್ ಮಾಡಿಸುವಾಗ ಯಂತ್ರ ಅವನ ಬೆರಳನ್ನು ಹಿಡಿಯಲೇ ಇಲ್ಲವಂತೆ. ಬೆರಳ ತುದಿಯ ಆ ಗೆರೆಗಳೂ ಪ್ರೈಮೇಟುಗಳ ಮನೆ ಗುರುತು. ಕೊಂಬೆ ಜಾರದಿರಲಿ, ಹಿಡಿದದ್ದರ ಹದ ತಿಳಿಯಲಿ ಅಂತ. ಪಂಜದ ಬದಲು ಚಪ್ಪಟೆ ಉಗುರು, ಉಗುರಿನ ಅಡಿಯಲ್ಲಿ ಮೆತ್ತನೆ ತುದಿ. ಬಿಡದೆ ಹಿಡಿಯುವುದಕ್ಕೆ ನಮ್ಮ ಹಿರಿಯರು ಕಪಿಮುಷ್ಟಿ ಅಂದಿದ್ದಾರೆ. ಮಗಳು ಹುಟ್ಟಿದ ಮೂರನೇ ದಿನ ನನ್ನ ಕಿರುಬೆರಳನ್ನು ಹಿಡಿದುಕೊಂಡಿದ್ದಳು. ಎಷ್ಟು ಗಟ್ಟಿ ಅಂದರೆ, ಬಿಡಿಸಿಕೊಳ್ಳೋಕೆ ಅತ್ತೆಯನ್ನು ಕರೆಯಬೇಕಾಯ್ತು. ಅಮ್ಮನ ಹೊಟ್ಟೆಯ ರೋಮ ಹಿಡಿದು ನೇತಾಡುವ ಮಂಗನ ಮರಿಗೆ ಆ ಹಿಡಿತ ಜೀವ. ನಮ್ಮ ಮಕ್ಕಳಿಗೆ ಹಿಡಿಯೋಕೆ ರೋಮ ಇಲ್ಲ, ಹಿಡಿತ ಮಾತ್ರ ಉಳಿದಿದೆ.

ಈಗ ನಮ್ಮ ತೋಟದಲ್ಲಿ ಕೊನೆಗೌಡರು ಹತ್ತುವುದಿಲ್ಲ. ಕಾರ್ಬನ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ. ಮೇಲೆ ಓಡಾಡುವ ಹಕ್ಕು ಪೂರ್ತಿಯಾಗಿ ದಾಯಾದಿಗಳ ಪಾಲಾಗಿದೆ.

ಹಲ್ಲಿನ ಲೆಕ್ಕವೂ ಒಂದೇ, ಅದಕ್ಕೂ 32, ನಮಗೂ 32. ಇನ್ನೊಂದು ವಿಚಿತ್ರ ಅಂದರೆ ವಿಟಮಿನ್ ಸಿ. ಹಸು, ಬೆಕ್ಕು, ನಾಯಿ ಎಲ್ಲಾ ತಮಗೆ ಬೇಕಾದ ವಿಟಮಿನ್ ಸಿ ಅನ್ನು ಮೈಯೊಳಗೇ ಮಾಡಿಕೊಳ್ಳುತ್ತವೆ. ನಮಗೂ ಮಂಗಕ್ಕೂ ಅದು ಬರುವುದಿಲ್ಲ. ಬಹಳ ಹಿಂದೆ ಯಾವುದೋ ಒಬ್ಬ ಅಜ್ಜನ ಕಾಲದಲ್ಲಿ ಕೆಟ್ಟುಹೋದ ಯಂತ್ರ, ಇಬ್ಬರ ಮನೆಯಲ್ಲೂ ಹಾಗೇ ಬಿದ್ದಿದೆ. ಹಾಗಾಗಿ ಹಣ್ಣು, ಸೊಪ್ಪು ತಿನ್ನಲೇಬೇಕು. ಇದನ್ನು ಅಪ್ಪಯ್ಯನಿಗೆ ವಿವರಿಸಿದೆ. "ಹಾಗಾದರೆ ಲಿಂಬೆಕಾಯಿ ತಿನ್ನಲಿ. ಗಿಡದ ತುಂಬಾ ಇದೆ. ಅದನ್ನು ಯಾಕೆ ಮುಟ್ಟಲ್ಲ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗದ್ದ ಊದಿಸಿಕೊಂಡು ಓಡುವುದು ಮಾತ್ರ ನಮ್ಮಲ್ಲಿ ಇಲ್ಲದ ವಿದ್ಯೆ. ಮಂಗಕ್ಕೆ ಕೆನ್ನೆಯ ಒಳಗೆ ಎರಡು ಚೀಲ. ಮೊದಲು ತುಂಬಿಕೊಳ್ಳುವುದು, ಆಮೇಲೆ ಮರದ ಮೇಲೆ ಆರಾಮಾಗಿ ಕೂತು, ಕೈಯಿಂದ ಕೆನ್ನೆ ಒತ್ತಿಕೊಂಡು ತಿನ್ನುವುದು. ಗದ್ದ ಊದುವ ಕಾಯಿಲೆಗೆ ನಮ್ಮವರು ಮಂಗನಬಾವು ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮುಸುವಕ್ಕೆ ಈ ಚೀಲ ಇಲ್ಲ. ಅದರ ಹೊಟ್ಟೆ ಸುಮಾರಾಗಿ ಹಸುವಿನ ಹೊಟ್ಟೆಯ ಹಾಗೆ, ಕೋಣೆ ಕೋಣೆ. ಎಲೆಯನ್ನು ಅಲ್ಲಿ ಹುಳಿ ಬರಿಸಿ ಅರಗಿಸಿಕೊಳ್ಳುತ್ತದೆ.

ಇನ್ನು ಹೇನು. ಈ ವಿಷಯದ ಮೇಲೆ ನಾನು ಬೇಕಾದಷ್ಟು ಬರೆಯಬಲ್ಲೆ.

ಶಾಲೆಗೆ ಹೋಗುವ ಮಗಳ ತಲೆಗೆ ವರ್ಷಕ್ಕೆ ಎರಡು ಸಲವಾದರೂ ಹೇನು ಬರುತ್ತದೆ. ಸಂಜೆ ಜಗುಲಿಯಲ್ಲಿ ಆಯಿ ಕಾಲು ಚಾಚಿ ಕೂರುತ್ತಾಳೆ. ಮೊಮ್ಮಗಳು ಮುಂದೆ. ಒಂದು ಹೇನಿನ ಹಣಿಗೆ, ಒಂದು ಬಟ್ಟಲು ಎಣ್ಣೆ, ಒಂದು ಬಿಳಿ ಪಂಚೆ. ಆಯಿ ಕೂದಲನ್ನು ಬೈತಲೆ ತೆಗೆದು ತೆಗೆದು ನೋಡುತ್ತಾಳೆ. ಸಿಕ್ಕಿದ್ದನ್ನು ಎರಡು ಹೆಬ್ಬೆರಳ ಉಗುರಿನ ಮಧ್ಯೆ ಇಟ್ಟು ಚಟ್ ಅನ್ನಿಸುತ್ತಾಳೆ. ಮಗಳು ಮೊದಲು ಕೊಸರಾಡುತ್ತಾಳೆ, ಹತ್ತು ನಿಮಿಷದಲ್ಲಿ ಕಣ್ಣು ಮುಚ್ಚುತ್ತಾಳೆ. ಶಾಲೆಯಲ್ಲಿ ಯಾರ ಜೊತೆ ಜಗಳ, ಯಾರು ಯಾರ ಪೆನ್ಸಿಲ್ ತೆಗೆದುಕೊಂಡರು, ಟೀಚರ್ ಯಾರನ್ನು ಬೈದರು, ಎಲ್ಲಾ ತಾನಾಗೇ ಹೊರಗೆ ಬರುತ್ತದೆ. ನಾನು ಕೇಳಿದರೆ ಮಾತ್ರ "ಏನಿಲ್ಲ".

ಅದೇ ಹೊತ್ತಿಗೆ ಕೊಟ್ಟಿಗೆಯ ಮಾಡಿನ ಮೇಲೆ ಇನ್ನೊಂದು ಜಗುಲಿ ನಡೆದಿರುತ್ತದೆ. ಒಂದು ಮಂಗ ಉದ್ದಕ್ಕೆ ಮಲಗಿ ಕೈ ಮೇಲೆತ್ತಿ ಕಂಕುಳು ತೋರಿಸುತ್ತದೆ. ಇನ್ನೊಂದು ರೋಮ ಬಿಡಿಸಿ ಬಿಡಿಸಿ ನೋಡುತ್ತದೆ. ಚರ್ಮದ ಹೊಟ್ಟು, ಉಣುಗು, ಏನು ಸಿಕ್ಕಿದರೂ ಬಾಯಿಗೆ. ಮಲಗಿದ್ದರ ಕಣ್ಣು ಅರ್ಧ ಮುಚ್ಚಿರುತ್ತದೆ, ಥೇಟ್ ನನ್ನ ಮಗಳ ಹಾಗೆ. ಮೈ ಸವರಿಸಿಕೊಳ್ಳುವಾಗ ಮಂಗನ ಮಿದುಳಿನಲ್ಲಿ ಎಂಡಾರ್ಫಿನ್ ಅನ್ನುವ, ಹಾಯ್ ಅನ್ನಿಸುವ ರಾಸಾಯನಿಕ ಹೊರಡುತ್ತದೆ ಅನ್ನುತ್ತಾರೆ. ಯಾರು ಯಾರಿಗೆ ಹೆಕ್ಕುತ್ತಾರೆ ಅನ್ನುವುದರಲ್ಲೂ ಲೆಕ್ಕ ಇದೆ. ಸಣ್ಣವರು ದೊಡ್ಡವರಿಗೆ ಜಾಸ್ತಿ ಹೆಕ್ಕಬೇಕು. ಹಿಂಡಿನಲ್ಲಿ ತಾಯಿಗೆ ಇದ್ದ ಸ್ಥಾನವೇ ಮಗಳಿಗೆ. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಇರುತ್ತವೆ, ಆಚೆ ಹೋಗುವುದಿದ್ದರೆ ಗಂಡುಗಳು. ಹರ್ಕಿವಿಗೆ ಹೇನು ಹೆಕ್ಕುವವರು ಮೂರು ನಾಲ್ಕು ಜನ (ಜನ ಅಂತಲೇ ಬರೆದೆ, ಇರಲಿ), ಅದು ಹೆಕ್ಕುವುದು ಒಂದು ಮುದಿ ಹೆಣ್ಣಿಗೆ ಮಾತ್ರ. ಅದರ ತಾಯಿ ಇರಬಹುದು ಅಂತ ಆಯಿಯ ಅಂದಾಜು.

ರಾಬಿನ್ ಡನ್ಬಾರ್ ಅನ್ನುವ ಬ್ರಿಟಿಷ್ ವಿಜ್ಞಾನಿಯ ಒಂದು ವಾದ ಇದೆ. ಹಿಂಡು ದೊಡ್ಡದಾದಾಗ ಎಲ್ಲರಿಗೂ ಹೇನು ಹೆಕ್ಕುತ್ತಾ ಕೂರುವುದಕ್ಕೆ ಹೊತ್ತು ಸಾಲದೆ, ನಮ್ಮ ಹಿರಿಯರು ಅದರ ಜಾಗಕ್ಕೆ ಮಾತನ್ನು, ಮುಖ್ಯವಾಗಿ ಊರ ಸುದ್ದಿಯನ್ನು ತಂದರು ಅಂತ. ಎಲ್ಲರೂ ಒಪ್ಪಿದ ವಾದ ಅಲ್ಲ. ಆದರೆ ಆಯಿ ಎರಡನ್ನೂ ಒಟ್ಟಿಗೇ ಮಾಡುವುದನ್ನು ನೋಡಿದ ನನಗೆ ಒಪ್ಪಿಗೆಯಾಯ್ತು.

ಕಾಡುಪಾಪದ ಹೇನಿನ ಹಣಿಗೆಯನ್ನು ಹೇಳದೆ ಇರೋಕಾಗಲ್ಲ. ಬೆಂಗಳೂರಿನಲ್ಲಿದ್ದಾಗ ಒಂದು ಸಲ ಸ್ನೇಹಿತರ ಜೊತೆ ತುಮಕೂರು ಹತ್ತಿರ ರಾತ್ರಿ ಅದನ್ನು ನೋಡಲು ಹೋಗಿದ್ದೆವು. ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು, ಹುಣಸೆಮರದ ಕೆಳಗೆ ಒಂದೂವರೆ ಗಂಟೆ. ಕೊನೆಗೆ ಎರಡು ಕೆಂಡ ಕಂಡವು. ಅಷ್ಟೇ, ಮೈಯೇ ಕಾಣಲಿಲ್ಲ, ಕಣ್ಣು ಮಾತ್ರ. ಕಣ್ಣು ಹೊಂದಿಕೊಂಡ ಮೇಲೆ ಮೈ ಕಂಡಿತು. ಕಾಲು ಕಿಲೋ ತೂಗಬಹುದು. ಕಡ್ಡಿಯಂಥ ಕೈಕಾಲು. ಬಾಲ ಇಲ್ಲ. ಒಂದು ಕೈ ಎತ್ತಿ ಮುಂದಿಡುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡಿತು ಅಂದರೆ, ನಾನು ಉಸಿರು ಬಿಡೋದು ಮರೆತಿದ್ದೆ. ಆಮೇಲೆ ಕೂತು ಮೈ ನೆಕ್ಕಿಕೊಳ್ಳತೊಡಗಿತು. ನೆಕ್ಕುವುದಲ್ಲವಂತೆ, ಬಾಚುವುದಂತೆ. ಕೆಳಗಿನ ಮುಂದಿನ ಹಲ್ಲುಗಳು ಮುಂದಕ್ಕೆ ಬಾಗಿ ಒಟ್ಟಿಗೆ ಸೇರಿ ಹಣಿಗೆ ಆಗಿವೆ. ಜೊತೆಗೆ ಎಲ್ಲಾ ಬೆರಳಿಗೂ ನಮ್ಮ ಹಾಗೆ ಉಗುರಿದ್ದರೂ, ಕಾಲಿನ ಎರಡನೇ ಬೆರಳಿಗೆ ಮಾತ್ರ ಒಂದು ಪಂಜ ಉಳಿಸಿಕೊಂಡಿದೆ. ಅದು ಕೆರೆದುಕೊಳ್ಳುವುದಕ್ಕೆ ಅಂತಲೇ.

ಆ ಶಾಖೆ ನಮ್ಮಿಂದ ಹಿಸೆಯಾಗಿ 6 ಕೋಟಿ ವರ್ಷಕ್ಕೂ ಜಾಸ್ತಿ. ಮೂಗು ನಾಯಿಯ ಹಾಗೆ ಇನ್ನೂ ಒದ್ದೆ. ಆದರೂ ಕೊಂಬೆ ಹಿಡಿದ ಆ ಪುಟ್ಟ ಕೈ ನೋಡಿ ಯಾರೋ ಹಳಬರು 'ಪಾಪ' ಅಂದುಬಿಟ್ಟಿದ್ದಾರೆ, ಕಾಡಿನ ಕೂಸು ಅಂತ. ಅದೇ ಜನ ಮಾಟ ಮಂತ್ರಕ್ಕೆ ಅಂತ ಅದರ ಕಣ್ಣು ಕೀಳುವುದೂ ಉಂಟು. ಅದನ್ನು ಇಲ್ಲಿಗೇ ಬಿಡುತ್ತೇನೆ.

ಜೋಗಕ್ಕೆ ಬರುವ ಪ್ರವಾಸಿಗಳು ಮಂಗನ ಜೊತೆ ಸೆಲ್ಫಿ ತೆಗೆದುಕೊಂಡು "ನೋಡಿ, ಎಷ್ಟು ಚೆನ್ನಾಗಿ ನಗ್ತಾ ಇದೆ" ಅನ್ನುತ್ತಾರೆ. ಅದು ನಗುವುದಲ್ಲ. ತುಟಿ ಹಿಂದಕ್ಕೆಳೆದು ಹಲ್ಲು ತೋರಿಸಿದರೆ "ನನ್ನನ್ನು ಬಿಟ್ಟುಬಿಡು, ನೀನೇ ದೊಡ್ಡವನು" ಅಂತ ಅರ್ಥ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು, ಇದಕ್ಕೇ ಹಲ್ಲುಗಿಂಜುವುದು ಅಂತ ಮಾತಿದೆ. ಹೋದ ವರ್ಷ ಒಂದು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ನಾಲ್ಕನೇ ಸಲ ಹೋಗಿ ನಿಂತಾಗ, ಎದುರಿನ ಗಾಜಿನಲ್ಲಿ ನನ್ನ ಮುಖ ಕಂಡಿತು. ತುಟಿ ಹಿಂದಕ್ಕೆ, ಹಲ್ಲು ಹೊರಗೆ. ಆ ಕಡೆಯವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅದೂ ಮಂಗನ ಶಾಸ್ತ್ರದಲ್ಲಿದೆ. ದುರುಗುಟ್ಟಿ ನೋಡಿದರೆ ಬೆದರಿಕೆ. ಅದಕ್ಕೇ ದಾರಿಯಲ್ಲಿ ಮಂಗ ಎದುರಾದರೆ ಕಣ್ಣಿಗೆ ಕಣ್ಣು ಕೊಡಬೇಡಿ ಅನ್ನುವುದು. ಆಕಳಿಸಿದರೆ ನಿದ್ದೆ ಬಂದಿದೆ ಅಂದುಕೊಳ್ಳಬೇಡಿ, ಗಡವ ತನ್ನ ಕೋರೆಹಲ್ಲು ತೋರಿಸುತ್ತಿರಬಹುದು. ತುಟಿ ಚಪಚಪ ಅನ್ನಿಸಿದರೆ ಸ್ನೇಹ.

ಮುಸುವದ ಕಥೆ ಬೇರೆ. ನನ್ನ ಹೆಂಡತಿಯ ತವರು ಧಾರವಾಡ. ಅಲ್ಲಿ ಮುಷ್ಯಾ ಅನ್ನುತ್ತಾರೆ. ಮುಸುವಗಳಲ್ಲಿ ಮರಿ ಹುಟ್ಟಿದರೆ ಹಿಂಡಿನ ಹೆಣ್ಣುಗಳೆಲ್ಲ ಕೈಯಿಂದ ಕೈಗೆ ತೆಗೆದುಕೊಂಡು ಆಡಿಸುತ್ತವೆ, ನಾಮಕರಣದ ಮನೆಯಲ್ಲಿ ಕೂಸು ತಿರುಗುವ ಹಾಗೆ. ನಮ್ಮ ತೋಟದ ಮಂಗಗಳು ಹಾಗೆ ಸುಲಭಕ್ಕೆ ಕೊಡುವುದಿಲ್ಲ. ಆದರೆ ಇದೇ ಮುಸುವಗಳ ಇನ್ನೊಂದು ಮುಖವನ್ನು ಜಗತ್ತಿಗೆ ತೋರಿಸಿದ್ದೂ ಧಾರವಾಡದ ಕಾಡೇ. 1960ರ ದಶಕದ ಶುರುವಿನಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಅಲ್ಲಿ ಮುಸುವಗಳ ಹಿಂದೆ ಅಲೆದರು. ಹೊರಗಿನ ಗಂಡುಗಳು ಬಂದು ಹಿಂಡಿನ ಗಂಡನ್ನು ಓಡಿಸುವುದು, ಗೆದ್ದ ಗಂಡು ಅಲ್ಲಿದ್ದ ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಲ್ಲುವುದು, ಇದನ್ನು ಕಣ್ಣಾರೆ ಕಂಡು ಬರೆದರು. ಜನ ನಂಬಲಿಲ್ಲ. ಇಕ್ಕಟ್ಟಿಗೆ ತಲೆಕೆಟ್ಟ ಪ್ರಾಣಿಗಳು ಅಂದರು. 1970ರ ದಶಕದಲ್ಲಿ ಅಮೆರಿಕದ ಸಾರಾ ಹರ್ಡಿ ರಾಜಸ್ಥಾನದ ಅಬು ಪರ್ವತದಲ್ಲಿ ಅದನ್ನೇ ನೋಡಿ ಲೆಕ್ಕ ಬಿಡಿಸಿದರು. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ, ಗಂಡಿಗೆ ತನ್ನ ಮರಿ ಬೇಗ ಸಿಗುತ್ತದೆ. ಮದುವೆಯ ಹೊಸತರಲ್ಲಿ ಇದನ್ನು ಮಾವನ ಮನೆಯಲ್ಲಿ ಊಟದ ಹೊತ್ತಿಗೆ ಹೇಳಿ, ಆಮೇಲೆ ಹೇಳಬಾರದಿತ್ತು ಅನ್ನಿಸಿತು. ಅತ್ತೆ ಆ ದಿನದಿಂದ ಮುಷ್ಯಾಕ್ಕೆ ರೊಟ್ಟಿ ಹಾಕುವುದು ನಿಲ್ಲಿಸಿದರು.

ಒಂದೇ ಮೈಯ ಕಟ್ಟು ಅಂದಮೇಲೆ ಕಾಯಿಲೆಯೂ ಒಂದೇ. ಇದು ನಮ್ಮ ಕಡೆಯವರಿಗೆ ಪುಸ್ತಕ ಓದದೆಯೂ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜೊತೆಗೆ ಜನರೂ ಮಲಗಿದರು. ಮಂಗನ ಕಾಯಿಲೆ ಅಂತ ಹೆಸರು ಬಂತು. ಆ ಹೆಸರು ಅನ್ಯಾಯದ್ದು. ಕಾಯಿಲೆ ಅಂಟಿಸುವುದು ಉಣುಗು. ಮಂಗ ನಮ್ಮ ಹಾಗೆ ಅದಕ್ಕೆ ಸಿಕ್ಕಿ ಸಾಯುವುದು. ಅದೇ ಉಣುಗು ದನಕ್ಕೆ ಕಚ್ಚಿ ಹೊಟ್ಟೆ ತುಂಬಾ ರಕ್ತ ಕುಡಿಯುತ್ತದೆ, ದನಕ್ಕೆ ಏನೂ ಆಗುವುದಿಲ್ಲ. 2018-19ರಲ್ಲಿ ಸಾಗರದ ಅರಳಗೋಡು ಕಡೆ ಸಾಲು ಸಾಲು ಸಾವಾದಾಗ ನಮ್ಮ ಊರಿನಲ್ಲೂ ಸೊಪ್ಪು ತರೋಕೆ ಬೆಟ್ಟಕ್ಕೆ ಹೋಗುವವರು ಇರಲಿಲ್ಲ. ಆಮೇಲೂ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಕಾಲಿಡುವುದಿಲ್ಲ. ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸಬೇಕು. ಮೇಲೆ ಹಿಂಡು ಗಲಾಟೆ ಮಾಡುತ್ತಾ ಓಡಾಡುತ್ತಿದ್ದರೆ ಅಪ್ಪಯ್ಯ ಬೈಯುತ್ತಾರೆ. ಬೇಸಿಗೆಯಲ್ಲಿ ನಾಲ್ಕು ದಿನ ಸದ್ದಿಲ್ಲದಿದ್ದರೆ ಅವರೇ ಸಂಕದ ಹತ್ತಿರ ಹೋಗಿ ನಿಂತು ಮೇಲೆ ನೋಡುತ್ತಾರೆ.

ಕೊನೆಗೆ ಮರಿಗಳ ವಿಷಯ. ನಮ್ಮ ಮನೆ ಬೆಕ್ಕು ಮತ್ತು ಹರ್ಕಿವಿ ತೂಕದಲ್ಲಿ ಹೆಚ್ಚು ಕಮ್ಮಿ ಒಂದೇ, ನಾಲ್ಕು ಕಿಲೋ. ಬೆಕ್ಕು ವರ್ಷ ತುಂಬುವ ಮೊದಲೇ ತಾಯಿಯಾಯ್ತು, ಒಂದೇ ಸಲಕ್ಕೆ ನಾಲ್ಕು ಮರಿ. ಮಂಗ ಬೆಳೆದು ತಾಯಿಯಾಗಲು ಮೂರು ನಾಲ್ಕು ವರ್ಷ ಬೇಕು. ಸುಮಾರು ಐದೂವರೆ ತಿಂಗಳು ಹೊರಬೇಕು, ಹುಟ್ಟುವುದು ಒಂದೇ ಮರಿ. ಸಿಂಗಳೀಕದ್ದು ಇನ್ನೂ ನಿಧಾನ. ಮೊದಲ ಮರಿಗೆ ಐದಾರು ವರ್ಷ, ಒಂದಾದ ಮೇಲೆ ಇನ್ನೊಂದಕ್ಕೆ ಎರಡು ಮೂರು ವರ್ಷ. ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅದರ ಹೆಸರಿನಲ್ಲಿ ಉಳಿಸಿದ್ದಾರೆ. ಇಷ್ಟು ನಿಧಾನಕ್ಕೆ ಹುಟ್ಟುವವರಿಗೆ ಕಾಡು ಹೋದರೆ ಮತ್ತೆ ಸಂಖ್ಯೆ ಕೂಡಿಕೊಳ್ಳುವುದು ಕಷ್ಟ. ಕಲಿಯುವುದು ಜಾಸ್ತಿ ಇದ್ದಷ್ಟು ಬಾಲ್ಯ ಉದ್ದ. ಯಾವ ಹಣ್ಣು ಯಾವಾಗ, ಯಾರಿಗೆ ಹಲ್ಲುಗಿಂಜಬೇಕು, ಯಾರ ಕೈಯಲ್ಲಿ ಕವಣೆ ಇದ್ದರೂ ಗುರಿ ಇಲ್ಲ (ಅದು ನಾನು), ಇಷ್ಟನ್ನೂ ಅಮ್ಮನ ಹೊಟ್ಟೆ ಹಿಡಿದುಕೊಂಡೇ ನೋಡಿ ಕಲಿಯಬೇಕು.

ಹೋದ ಮಾರ್ಚಿನಲ್ಲಿ ಹರ್ಕಿವಿಗೆ ಒಂದು ಮರಿ ಇತ್ತು. ತಿಂಗಳು ತುಂಬಿತ್ತೋ ಇಲ್ಲವೋ. ರಸ್ತೆ ಪಕ್ಕದ ವಿದ್ಯುತ್ ತಂತಿಗೆ ತಗುಲಿ ಸತ್ತಿತು. ಮಾರನೇ ದಿನ ಹಿಂಡು ತೋಟಕ್ಕೆ ಬಂದಾಗ ಹರ್ಕಿವಿಯ ಕೈಯಲ್ಲಿ ಅದು ಇತ್ತು. ಒಂದು ಕೈಯಲ್ಲಿ ಹಿಡಿದುಕೊಂಡು ಮೂರು ಕಾಲಿನಲ್ಲಿ ನಡೆಯುತ್ತಿತ್ತು. ಕೂತಾಗ ಮಡಿಲಲ್ಲಿ ಇಟ್ಟುಕೊಂಡು ನೊಣ ಓಡಿಸುತ್ತಿತ್ತು. ರೋಮ ಬಿಡಿಸಿ ಹೇನು ನೋಡುತ್ತಿತ್ತು. ಮಂಗಗಳಲ್ಲೂ ಚಿಂಪಾಂಜಿಗಳಲ್ಲೂ ತಾಯಂದಿರು ಹೀಗೆ ಸತ್ತ ಮರಿಯನ್ನು ದಿನಗಟ್ಟಲೆ ಹೊತ್ತು ತಿರುಗುವುದನ್ನು ಬೇರೆ ಬೇರೆ ಕಡೆ ನೋಡಿದವರು ಬರೆದಿದ್ದಾರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ.

ಎರಡನೇ ದಿನ ವಾಸನೆ ಜಗುಲಿಯವರೆಗೆ ಬಂತು. ಮಗಳು ಕೇಳಿದಳು, "ಅಜ್ಜ, ಅದಕ್ಕೆ ಗೊತ್ತಾಗಿಲ್ವಾ?" ಅಪ್ಪಯ್ಯ ಕವಳದ ಬಟ್ಟಲು ಹತ್ತಿರ ಎಳೆದುಕೊಂಡು ಅಡಿಕೆ ಕತ್ತರಿಸಿದರು. ಉತ್ತರ ಕೊಡಲಿಲ್ಲ. ಅವತ್ತು ಹಿಂಡು ಬಾಳೆಗೆ ನುಗ್ಗಿತು. ಗರ್ನಾಲಿನ ಡಬ್ಬ ಜಗುಲಿಯ ಮೂಲೆಯಲ್ಲೇ ಇತ್ತು. ಯಾರೂ ಮುಟ್ಟಲಿಲ್ಲ. ಮೂರನೇ ದಿನವೂ ಹಾಗೇ. ಒಂದು ಪೂರ್ತಿ ಗೊನೆ ಹೋಯಿತು, ಎರಡು ಎಳನೀರು ಹೋದವು. ಆಯಿ ಒಳಗಿನಿಂದ "ಅದು ಏನೂ ತಿಂತಾ ಇಲ್ಲ" ಅಂದಳು. ಅಪ್ಪಯ್ಯ "ಹೂಂ" ಅಂದರು.

ಐದನೇ ದಿನ ಬೆಳಿಗ್ಗೆ ಹರ್ಕಿವಿ ಬರಿಗೈಯಲ್ಲಿ ಬಂತು. ಎಲ್ಲಿ ಬಿಟ್ಟು ಬಂತೋ. ಸೀದಾ ತೋಟಕ್ಕೆ ಇಳಿದು, ಅರೆಹಣ್ಣಾದ ಗೊನೆಯ ಮೇಲೆ ಕೂತು, ಒಂದು ಸುಲಿದು ತಿಂದಿತು. ಇನ್ನೊಂದು ಸುಲಿಯಿತು. ಅಪ್ಪಯ್ಯ ಜಗುಲಿಯಿಂದ ಅದನ್ನೇ ನೋಡುತ್ತಿದ್ದರು. ಮೂರನೆಯದಕ್ಕೆ ಕೈ ಹಾಕುವುದಕ್ಕೂ, ಅವರು ಎದ್ದು ಹೋಗಿ ಮೂಲೆಯ ಡಬ್ಬದಿಂದ ಒಂದು ಗರ್ನಾಲು ತೆಗೆದು ಕಡ್ಡಿ ಗೀರುವುದಕ್ಕೂ ಸರಿಹೋಯಿತು.